ಎರಡನೇ ಬ್ಯಾಚು

ಪುಷ್ಪಾ ಹಂಪಿ ನೋಡಿದ್ದಾಳೆ, ಬಾದಾಮಿ ನೋಡಿದ್ದಾಳೆ, ಬೇಲೂರನ್ನಂತೂ ಎರಡು ಸಲ ನೋಡಿದ್ದಾಳೆ. ಹಾಗೆಂದು ಅವಳ ಗಂಡ ಕಾಂತರಾಜ್ ಎಲ್ಲರಿಗೂ ಹೇಳುತ್ತಾನೆ. ಹಂಪಿಯಲ್ಲಿ ಅವಳು ನೋಡಿದ್ದು ಒಂದು ಬೇವಿನ ಮರ ಮತ್ತು ಅದರ ಕೆಳಗೆ ನಿಂತಿದ್ದ ಎಳನೀರಿನ ಗಾಡಿ. ಬಾದಾಮಿಯಲ್ಲಿ ಮೆಟ್ಟಿಲಿನ ಬುಡ ಮತ್ತು ಕೋತಿಗಳು. ಬೇಲೂರಿನಲ್ಲಿ ಎರಡು ಸಲವೂ ಚಪ್ಪಲಿ.

ಕಾಂತರಾಜ್ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಶಿಫ್ಟ್ ಇನ್‌ಚಾರ್ಜ್ ಆಗಿದ್ದವನು. ನಿವೃತ್ತನಾದ ಮೇಲೆ ನ್ಯೂ ಟೌನಿನ ಗೆಳೆಯರನ್ನು ಕೂಡಿಸಿ ಇತಿಹಾಸ ಬಳಗ ಅಂತ ಒಂದನ್ನು ಕಟ್ಟಿದ್ದ. ಬಳಗವೆಂದರೆ ಮೂರು ಸಂಸಾರ, ಒಂದು ಬಾಡಿಗೆ ವ್ಯಾನು, ‘ಪರಂಪರೆ ಉಳಿಸೋಣ’ ಎಂದು ಬರೆದ ಒಂದು ಫ್ಲೆಕ್ಸ್. ಎಲ್ಲಿ ಹೋದರೂ ಗಂಡಸರು ಆ ಫ್ಲೆಕ್ಸನ್ನು ಬಿಚ್ಚಿ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಫ್ಲೆಕ್ಸು ಎಷ್ಟು ಅಗಲವಾಗಿದೆಯೆಂದರೆ, ಉಳಿಸಬೇಕಾದ ಪರಂಪರೆ ಅದರ ಹಿಂದೆ ಪೂರ್ತಿ ಮುಚ್ಚಿಹೋಗುತ್ತದೆ. ನಿವೃತ್ತರಿಗೆ ಎಲ್ಲ ದಿನವೂ ರಜೆಯೇ. ಆದರೂ ಬಳಗ ಹೊರಡುವುದು ದಸರಾ ರಜೆಯಲ್ಲಿ ಇಲ್ಲವೇ ಭಾನುವಾರ. ದುಡಿಯುವವರ ರಜೆಯಲ್ಲಿ ಸುತ್ತಿದರೇ ಅದು ಪ್ರವಾಸ ಎನ್ನುವುದು ಕಾಂತರಾಜನ ನಂಬಿಕೆ.

ಬಳಗದ ಕ್ರಮ ಕಾರ್ಖಾನೆಯದೇ. ಮೊದಲ ಬ್ಯಾಚಿನಲ್ಲಿ ಗಂಡಸರು ಒಳಗೆ ಹೋಗಿ ಬರುತ್ತಾರೆ. ಅಷ್ಟು ಹೊತ್ತು ಹೆಂಗಸರು ಊಟದ ಬುಟ್ಟಿ, ನೀರಿನ ಕ್ಯಾನು, ಚಪ್ಪಲಿ ಕಾಯುತ್ತಾರೆ. ಆಮೇಲೆ ಎರಡನೇ ಬ್ಯಾಚಿನಲ್ಲಿ ಹೆಂಗಸರು. ಕೇಳುವುದಕ್ಕೆ ಇದರಲ್ಲಿ ಏನೂ ಅನ್ಯಾಯವಿಲ್ಲ. ಆದರೆ ಮೊದಲ ಬ್ಯಾಚು ಹಸಿದು ಹೊರಗೆ ಬರುತ್ತದೆ. ಬಡಿಸಬೇಕು. ಬಡಿಸಿದ ಮೇಲೆ ಉಣ್ಣಬೇಕು. ಉಂಡ ಮೇಲೆ ಡಬ್ಬಿ ತೊಳೆದು ತುಂಬಬೇಕು. ಅಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆಯುತ್ತಾನೆ. ‘ಅಯ್ಯೋ, ಟೈಮಾಯ್ತಲ್ಲ. ಬಿಡಿ, ಮುಂದಿನ ಜಾಗದಲ್ಲಿ ಲೇಡೀಸ್ ಫಸ್ಟ್’ ಎನ್ನುತ್ತಾನೆ ಕಾಂತರಾಜ್. ಮುಂದಿನ ಜಾಗ ಬರುವಷ್ಟರಲ್ಲಿ ಅದು ಅವನಿಗೆ ಮರೆತಿರುತ್ತದೆ.

ಈ ದಸರಾದಲ್ಲಿ ದೂರದ ಊರು ಬೇಡ ಎಂದಾಯಿತು. ಅತ್ತೆ ಸುಭದ್ರಮ್ಮನವರ ಮೊಣಕಾಲು ನೋವು ಒಂದು ಕಾರಣ. ಬೆಳಿಗ್ಗೆ ಕೂಡ್ಲಿ, ಅಲ್ಲಿಂದ ಹೊಳಲೂರಿನ ಮೇಲೆ ಶಿವಮೊಗ್ಗಕ್ಕೆ ಬಂದು ಶಿವಪ್ಪನಾಯಕನ ಅರಮನೆ, ಸಂಜೆ ಭದ್ರಾವತಿಗೆ ವಾಪಸು ಬಂದು ಹಳೇ ನಗರದ ನರಸಿಂಹಸ್ವಾಮಿ ದೇವಸ್ಥಾನ.

ಅರಮನೆ ಎಂದಾಗ ಪುಷ್ಪಾಗೆ ಎದೆಯಲ್ಲಿ ಏನೋ ಸಣ್ಣದಾಗಿ ಕದಲಿತು. ಮದುವೆಯಾದಾಗಿನಿಂದ ಅವಳು ಆ ಗೇಟಿನ ಮುಂದೆ ಓಡಾಡಿದ್ದಾಳೆ. ಗಾಂಧಿ ಬಜಾರಿಗೆ ಸೀರೆ ತರಲು, ಮಗಳ ಹೆರಿಗೆಗೆ, ಅತ್ತೆಯ ಎಕ್ಸ್‌ರೇಗೆ. ‘ಒಂದ್ಸಲ ಒಳಗೆ ಹೋಗಿ ಬರೋಣ ಕಣ್ರೀ’ ಎಂದಾಗೆಲ್ಲ ಕಾಂತರಾಜ್ ಒಂದೇ ಮಾತು ಹೇಳುತ್ತಿದ್ದ: ‘ಅದೇನು ಓಡಿ ಹೋಗುತ್ತಾ? ಇಲ್ಲೇ ಇರುತ್ತಲ್ಲ.’ ಅರಮನೆ ಓಡಿಹೋಗಲಿಲ್ಲ ನಿಜ. ಓಡಿದ್ದು ವರ್ಷಗಳು. ಹಿಂದಿನ ರಾತ್ರಿ ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡುತ್ತಾ ಅವಳು ತನಗೆ ತಾನೇ ಹೇಳಿಕೊಂಡಳು, ಈ ಸಲ ಒಳಗೆ ಹೋಗಬೇಕು. ಯಾರೂ ಕರೆಯದಿದ್ದರೂ.

ಕೂಡ್ಲಿಯಲ್ಲಿ ಎಂದಿನಂತೆಯೇ ಆಯಿತು. ಎರಡು ಹೊಳೆ ಕೂಡುವ ಜಾಗವನ್ನು ಅವಳು ಚಪ್ಪಲಿ ರಾಶಿಯ ಮೇಲಿಂದ ನೋಡಿದಳು. ವ್ಯಾನು ಹೊರಟ ಮೇಲೆ ಕಾಂತರಾಜ್ ತನ್ನ ಮಾಮೂಲಿ ಕಥೆ ತೆಗೆದ. ಒಂದು ಸಲ ಅವನನ್ನು ಪಾಳಿಯಿಂದ ಬಿಡಿಸಬೇಕಿದ್ದ ರಿಲೀವರು ಯಾರದೋ ಮದುವೆಗೆ ಹೋಗಿ ಡ್ಯೂಟಿಗೆ ಬರಲೇ ಇಲ್ಲವಂತೆ. ಕಾಂತರಾಜ್ ಕುಲುಮೆ ಬಿಟ್ಟು ಕದಲಲಿಲ್ಲವಂತೆ. ಮರುದಿನದವರೆಗೂ ನಿಂತನಂತೆ.

‘ರಿಲೀವರ್ ಬಂದು ಚಾರ್ಜ್ ತಗೊಳ್ಳೋವರೆಗೂ ಜಾಗ ಬಿಡಂಗಿಲ್ಲ. ತಗೊಂಡ್ಮೇಲೆ ಹೋಗೋನನ್ನ ಜನರಲ್ ಮ್ಯಾನೇಜರ್ರೂ ತಡೆಯಂಗಿಲ್ಲ. ಅದು ರೂಲು!’

‘ರೂಲು ಅಂದ್ರೆ ರೂಲಪ್ಪ,’ ಎಂದ ಪಕ್ಕದಲ್ಲಿದ್ದ ಗೆಳೆಯ ಶಿವಶಂಕರಪ್ಪ. ಅವನು ಈ ಕಥೆಗೆ ಹೀಗೆ ತಲೆದೂಗದ ಪ್ರವಾಸವೇ ಇರಲಿಲ್ಲ.

ಪುಷ್ಪಾ ಕಿಟಕಿಯಾಚೆ ನೋಡುತ್ತಿದ್ದವಳು ಮೆಲ್ಲಗೆ ಗಂಡನ ಕಡೆ ತಿರುಗಿದಳು. ಈ ಕಥೆಯನ್ನು ಅವಳು ಇಷ್ಟು ಗಮನವಿಟ್ಟು ಎಂದೂ ಕೇಳಿರಲಿಲ್ಲ.

ಅರಮನೆಯಲ್ಲಿ ಬ್ಯಾಗು, ಬುಟ್ಟಿ ಒಳಗೆ ಬಿಡುವುದಿಲ್ಲ ಎಂದರು. ಹೆಂಗಸರು ಅಂಗಳದ ಮರದ ಕೆಳಗೆ ಕೂತರು. ಗಂಡಸರು ಫ್ಲೆಕ್ಸ್ ಹಿಡಿದು ಹೋದರು. ಒಗ್ಗರಣೆಗೆ ಸಾಸಿವೆ ಸಿಡಿಯುವಷ್ಟು ಹೊತ್ತಿನಲ್ಲೇ ತಿರುಗಿ ಬಂದರು ಎಂದು ಪುಷ್ಪಾಗೆ ಅನ್ನಿಸಿತು.

‘ಸೂಪರ್ ಆಗಿದೆ,’ ಎಂದ ಶಿವಶಂಕರಪ್ಪ. ‘ಒಳ್ಳೆ ತಂಪು. ಬಡಿಸ್ರಮ್ಮ.’

ಪುಷ್ಪಾ ಎದ್ದು ನಿಂತಳು. ಸೆರಗು ಕೊಡವಿ ಸಿಕ್ಕಿಸಿಕೊಂಡಳು.

‘ರೀ, ಚಾರ್ಜ್ ತಗೊಳ್ಳಿ.’

‘ಏನು?’

‘ಚಾರ್ಜು. ನೀರಿನ ಕ್ಯಾನಿನ ಮುಚ್ಚಳ ಸೋರುತ್ತೆ, ಓರೆ ಮಾಡ್ಬೇಡಿ. ಮೊಸರನ್ನ ಕೆಳಗಿನ ಡಬ್ಬಿ. ಕಾಗೆ ಬರ್ತಾವೆ, ನೋಡ್ಕೊಳ್ಳಿ. ನಮ್ ಬ್ಯಾಚು ಹೊರಡ್ತು.’

ಕಾಂತರಾಜ್ ನಕ್ಕ. ‘ಏ ಮಾರಾಯ್ತಿ, ಹಸಿವಾಗಿದೆ. ಊಟ ಮಾಡಿ ಹೋಗ್ವಂತೆ.’

‘ಊಟ ಆದ್ಮೇಲೆ ಟೈಮಾಗುತ್ತೆ.’

‘ಅರಮನೆ ಓಡಿ ಹೋಗುತ್ತಾ?’

‘ಇಲ್ಲ. ಅದಕ್ಕೇ ಈಗ ಹೋಗ್ತೀನಿ.’

ಅವಳ ದನಿ ಏರಲಿಲ್ಲ. ಏರಿದ್ದರೆ ಕಾಂತರಾಜನಿಗೆ ಉತ್ತರ ಕೊಡಲು ಗೊತ್ತಿತ್ತು. ಅವನು ನೆರವಿಗಾಗಿ ಗೆಳೆಯನ ಮುಖ ನೋಡಿದ. ಶಿವಶಂಕರಪ್ಪನಿಗೆ ಬುಟ್ಟಿಯ ಕಡೆ ಆಸೆಯಿತ್ತು, ಆದರೆ ಇಂಥ ತಮಾಷೆಯನ್ನು ಬಿಟ್ಟುಕೊಡುವ ಮನುಷ್ಯನಲ್ಲ ಅವನು.

‘ರಿಲೀವರ್ ನೀನೇ, ಬಂದಾಯ್ತಲ್ಲೋ ಕಾಂತರಾಜ. ಇನ್ನು ಜನರಲ್ ಮ್ಯಾನೇಜರ್ರೂ ತಡೆಯಂಗಿಲ್ಲ. ನೀನೇ ಹೇಳಿದ್ದು.’

ಉಳಿದಿಬ್ಬರು ಹೆಂಗಸರೂ ಆಗಲೇ ಎದ್ದಿದ್ದರು. ಸುಭದ್ರಮ್ಮ ಮಾತ್ರ ಕೂತೇ ಇದ್ದರು. ಸೊಸೆ ಎಲ್ಲಿಗೆ ಹೊರಟರೂ ತನ್ನ ಬಳಿ ಒಬ್ಬರಿರಬೇಕೆನ್ನುವ ಅವರ ಮೊಣಕಾಲು ಪುಷ್ಪಾಳ ಕೊನೆಯ ಅಡ್ಡಿ. ‘ಒಳಗೇನಿರುತ್ತೆ ಮಣ್ಣು? ಕಲ್ಲು,’ ಎನ್ನುವುದು ಅವರ ಖಾಯಂ ಮಾತು. ಪುಷ್ಪಾ ಆ ಮಾತಿಗಾಗಿ ಕಾದಳು.

‘ಕೈ ಕೊಡೇ,’ ಎಂದರು ಸುಭದ್ರಮ್ಮ.

‘ಅಮ್ಮ, ನಿನ್ನ ಕಾಲು!’ ಎಂದ ಕಾಂತರಾಜ್.

‘ಕಾಲು ನಂದು. ನೀನು ಕಾಗೆ ನೋಡ್ಕೋ.’

ಒಳಗೆ ಕಾಲಿಟ್ಟಾಗ ಪುಷ್ಪಾಗೆ ಮೊದಲು ಏನೂ ಕಾಣಿಸಲಿಲ್ಲ. ಕತ್ತಲಿರಲಿಲ್ಲ, ಕಣ್ಣೊಳಗೆ ಬುಟ್ಟಿ ಇತ್ತು. ಮೊಸರನ್ನ ಹುಳಿಯಾಗಿರಬಹುದೇ? ಚಟ್ನಿಪುಡಿಗೆ ಎಣ್ಣೆ ಕಲಸಿಕೊಳ್ಳಲು ಅವರಿಗೆ ತೋಚುತ್ತದೆಯೇ? ಇಷ್ಟು ವರ್ಷ ಕಾದು ಒಳಗೆ ಬಂದವಳು ಎತ್ತರದ ಮರದ ಕಂಬಗಳ ನಡುವೆ ನಿಂತು ಚಟ್ನಿಪುಡಿಯ ಯೋಚನೆ ಮಾಡುತ್ತಿದ್ದಾಳೆ. ಅವಳಿಗೆ ತನ್ನ ಮೇಲೆಯೇ ನಗು ಬಂತು, ಸ್ವಲ್ಪ ಸಿಟ್ಟೂ ಬಂತು. ನೋಡುವುದು ಎಂದರೆ ಹೇಗೆ ಎಂದು ತನಗೆ ಗೊತ್ತೇ ಇಲ್ಲ. ಕಾಯುವುದು ಗೊತ್ತು.

ಉಳಿದಿಬ್ಬರು ಮುಂದೆ ಹೋಗಿದ್ದರು. ಅತ್ತೆ ಕಂಬದ ಮೇಲೆ ಅಂಗೈ ಇಟ್ಟು ನಿಂತಿದ್ದರು. ಸೊಸೆಯ ಕೈಯನ್ನೂ ಎಳೆದು ಇಟ್ಟರು. ಮರ ನುಣುಪಾಗಿ, ತಣ್ಣಗಿತ್ತು. ಅಲ್ಲಿಂದ ಮೇಲೆ ಕಣ್ಣು ಹಾಯಿಸುತ್ತಾ ಪುಷ್ಪಾ ಕೆತ್ತನೆಯವರೆಗೂ ಹೋದಳು. ಬುಟ್ಟಿ ಯಾವಾಗ ಕಣ್ಣಿಂದ ಇಳಿಯಿತೋ ತಿಳಿಯಲಿಲ್ಲ.

ಹಿಂದಿನ ಅಂಗಳದಲ್ಲಿ ಸಾಲಾಗಿ ಕಲ್ಲುಗಳಿದ್ದವು. ಕತ್ತಿ ಹಿಡಿದವರ ವೀರಗಲ್ಲುಗಳ ನಡುವೆ ಒಂದು ಮಾಸ್ತಿಕಲ್ಲು. ಗಂಡನ ಚಿತೆಯೇರಿದವಳ ಕಲ್ಲಿನಲ್ಲಿ ಅವಳ ಮುಖ ಸವೆದುಹೋಗಿತ್ತು. ಬಳೆ ತೊಟ್ಟ ಒಂದು ಕೈ ಮಾತ್ರ ಮೊಣಕೈಗೆ ಮಡಿಸಿ ಮೇಲೆತ್ತಿದ ಹಾಗೆಯೇ ಉಳಿದಿತ್ತು.

‘ಏನೋ ಕೇಳೋಕೆ ಕೈ ಎತ್ತಿದಾಳೆ ಪಾಪ,’ ಎಂದರು ಸುಭದ್ರಮ್ಮ. ‘ಯಾರೂ ಏನು ಅಂತ ಕೇಳಿಲ್ಲ, ಕಲ್ಲು ಹಾಕ್ಸಿ ಕೈ ಮುಗಿದುಬಿಟ್ಟಿದಾರೆ.’

ಪುಷ್ಪಾ ಬಾಗಿ ಆ ಕೈಯ ಬಳೆಗಳನ್ನು ಎಣಿಸಿದಳು. ಅತ್ತೆ ಮತ್ತೆ ಮಾತು ತೆಗೆದರು.

‘ನಿಮ್ ಮಾವನಿಗೂ ಇದೇ ಹುಚ್ಚು ಇತ್ತು ಕಣೆ. ಹಳೇಬೀಡಿಗೆ ಕರ್ಕೊಂಡ್ ಹೋಗಿದ್ರು. ಅಲ್ಲೊಂದು ಹುಣಸೆಮರ ಇತ್ತು. ಬಹಳ ಚೆನ್ನಾಗಿತ್ತು.’

ಪುಷ್ಪಾ ಅತ್ತೆಯ ಮುಖ ನೋಡಿದಳು. ಮದುವೆಯಾಗಿ ಬಂದಾಗಿನಿಂದ ‘ಒಳಗೇನಿರುತ್ತೆ, ಕಲ್ಲು’ ಎಂದು ಕೇಳುತ್ತಾ ಬಂದವಳಿಗೆ, ಆ ಮಾತು ಹೇಳುತ್ತಿದ್ದವರು ಒಳಗೆ ಹೋದವರೇ ಅಲ್ಲ ಎಂಬುದು ಈಗ ತಿಳಿಯಿತು.

‘ಹಂಪೀಲಿ ಬೇವಿನ ಮರ ಅತ್ತೆ,’ ಎಂದಳು.

ಇಬ್ಬರೂ ನಕ್ಕರು. ಅಂಗಳದ ಹೊರಬಾಗಿಲ ಬಳಿ ಕೂತಿದ್ದ ಸಿಬ್ಬಂದಿ ತಲೆಯೆತ್ತಿ ನೋಡುವಷ್ಟು ಜೋರಾಗಿ.

ಆ ಬಾಗಿಲಲ್ಲಿ ಕಾಂತರಾಜ್ ಕಾಣಿಸಿಕೊಂಡಿದ್ದ. ಎದೆಗೆ ಬುಟ್ಟಿ ಅವಚಿಕೊಂಡು, ಭುಜದಿಂದ ಕ್ಯಾನು ಇಳಿಬಿಟ್ಟು. ಪ್ಯಾಂಟಿನ ಒಂದು ಕಾಲು ನೆನೆದಿತ್ತು. ಕ್ಯಾನನ್ನು ಓರೆ ಮಾಡಿದ್ದ. ಕರಗಿದ ಕಬ್ಬಿಣವನ್ನು ಹೇಳಿದಂತೆ ಕುಣಿಸಿದವನಿಗೆ ಡಬ್ಬಿಯ ಕ್ಲಿಪ್ಪು ಒಲಿದಿರಲಿಲ್ಲ. ಒಳಗೆ ಬರುವ ಹಾಗಿಲ್ಲ, ಬುಟ್ಟಿ ಇದೆ. ಬುಟ್ಟಿ ಬಿಡುವ ಹಾಗಿಲ್ಲ, ಚಾರ್ಜು ಇದೆ. ಗೆಳೆಯರಿಬ್ಬರೂ ಬಿಸಿಲಿನಲ್ಲಿ ಅವನ ಹಿಂದೆ ನಿಂತು ನೋಡುತ್ತಿದ್ದರು.

‘ಪುಷ್ಪಾ, ನರಸಿಂಹಸ್ವಾಮಿ ದೇವಸ್ಥಾನಕ್ಕೆ ಲೇಟಾಗುತ್ತೆ ಕಣೆ!’ ಎಂದು ಕೂಗಿದ. ದನಿಯಲ್ಲಿ ಸಿಟ್ಟಿಗಿಂತ ಹಸಿವೇ ಹೆಚ್ಚಿತ್ತು. ‘ನನ್ನನ್ಯಾರು ರಿಲೀವ್ ಮಾಡೋರು?’

ಪುಷ್ಪಾಳ ಕಾಲು ಅಭ್ಯಾಸದಂತೆ ಆ ಕಡೆ ಒಂದು ಹೆಜ್ಜೆ ಇಟ್ಟೇಬಿಟ್ಟಿತು. ಅತ್ತೆಯ ಕೈ ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿತು.

‘ಡಬಲ್ ಡ್ಯೂಟಿ ಮಾಡೋ,’ ಎಂದು ಕೂಗಿದರು ಸುಭದ್ರಮ್ಮ. ‘ನಿಂಗೇನು ಹೊಸದಾ?’

ಶಿವಶಂಕರಪ್ಪ ನಕ್ಕಿದ್ದು ಅಲ್ಲಿಯವರೆಗೂ ಕೇಳಿಸಿತು. ಪುಷ್ಪಾ ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡಳು. ಸಾಲಿನ ಮೊದಲ ಕಲ್ಲಿಗೆ ಹೋಗಿ, ಅವಸರವಿಲ್ಲದೆ, ಅಲ್ಲಿಂದ ಮತ್ತೆ ನೋಡತೊಡಗಿದಳು.