ಗುಡ್ಡದ ಮೇಲಿನ ಮತಗಟ್ಟೆ

“ಎಡಕ್ಕೆ ತಗ್ಗಿದೆ, ನಿಧಾನ!” ಎಂದು ಯಾರೋ ಕೂಗಿದರು. ನೆರೈದಾ ತನ್ನ ಗುರು ಎರ್ಮಿನಿಯಾರ ಶವಪೆಟ್ಟಿಗೆಗೆ ಹೆಗಲು ಕೊಟ್ಟುಕೊಂಡೇ ಕೆಳಗಿನ ಕಡಲನ್ನು ನೋಡಿದಳು. ಮಧ್ಯಾಹ್ನ ಎರಡಕ್ಕೇ ನೀರು ಕಪ್ಪಿಟ್ಟಿತ್ತು. ಚಂಡಮಾರುತ ದೂರದಲ್ಲೇ ಹಾದುಹೋಗುತ್ತದೆ, ಆದರೆ ರಾತ್ರಿ ಹೊಂಡುರಾಸಿನ ಈ ತೀರದಲ್ಲಿ ಕಡಲುಕ್ಕಬಹುದು ಎಂದು ರೇಡಿಯೊ ಹೇಳಿತ್ತು. ಬೆಳಗಾದರೆ ಭಾನುವಾರ, ಮತದಾನ. ಊರಿನ ಒಂದೇ ಮತಗಟ್ಟೆ ದಡದ ಶಾಲೆಯಲ್ಲಿತ್ತು. ಅದನ್ನು ಸ್ಥಳಾಂತರಿಸುವುದಿದ್ದರೆ ನಾಲ್ಕು ಗಂಟೆಯೊಳಗೆ ಚುನಾವಣಾಧಿಕಾರಿ ನೆರೈದಾಳೇ ಸಹಿ ಹಾಕಬೇಕು.

“ಸಾಯೋಕೂ ಚುನಾವಣೆ ಹಿಂದಿನ ದಿನಾನೇ ಹುಡುಕಿದಳಲ್ಲ ಮಾರಾಯ್ತಿ,” ಎಂದು ಹಿಂದೆ ಒಬ್ಬಾಕೆ ಮೂಗೊರೆಸಿಕೊಂಡಳು.

ಆಳುವ ಪಕ್ಷದ ಮುಖಂಡ ಬ್ರೌಲಿಯೊ ಪಕ್ಕಕ್ಕೆ ಬಂದ. “ನೋಡಮ್ಮ, ಗುಡ್ಡದ ಮೇಲಿರೋರೆಲ್ಲ ಎದುರು ಪಕ್ಷದೋರು. ಮತಗಟ್ಟೆ ಅಲ್ಲಿಗೆ ಹೋದ್ರೆ ನಮ್ಮ ಬೆಸ್ತರು ಹತ್ತಲ್ಲ. ಸೋಮವಾರ ನಿನ್ ಕುರ್ಚೀಲಿ ಬೇರೆಯೋರು ಕೂತಿರ್ತಾರೆ.”

“ಮಣ್ಣು ಮಾಡೋವರೆಗಾದ್ರೂ ಸುಮ್ನಿರಿ, ದೋನ್ ಬ್ರೌಲಿಯೊ.”

ಸುಮ್ಮನಿರಿ ಎಂದಳೇನೋ ಸರಿ, ಆದರೆ ಅವನ ಮಾತಿನಲ್ಲಿ ಅರ್ಧ ನಿಜವಿತ್ತು. ಬೆಸ್ತರು ಹತ್ತದಿದ್ದರೆ ಅವರ ಮತ ಕಸಿದ ಪಾಪ ಅವಳದೇ.

*

ಹನ್ನೊಂದು ವರ್ಷದ ಹಿಂದೆ, ರಾಜ್ಯಶಾಸ್ತ್ರದ ಪ್ರಾಧ್ಯಾಪಕಿ ಎರ್ಮಿನಿಯಾ ಇದೇ ಏರಿನಲ್ಲಿ ಗಡಿಯಾರ ಹಿಡಿದು ಒಬ್ಬ ಮುದುಕಿಯ ಹಿಂದೆ ನಡೆದಿದ್ದರು. ಜೊತೆಯಲ್ಲಿ ವಿದ್ಯಾರ್ಥಿನಿ ನೆರೈದಾ.

“ನಾನು ಎಷ್ಟು ಹೊತ್ತಲ್ಲಿ ಹತ್ತಿದ್ರೆ ನಿಂಗೇನಮ್ಮ?” ಎಂದು ಮುದುಕಿ ಸಿಡುಕಿದ್ದಳು.

“ಓಟು ಹಾಕೋಕೆ ಹೋದೋರು ಮನೆಗೂ ಬರಬೇಕಲ್ಲಜ್ಜಿ. ನಮ್ಮಕ್ಕ ಬರಲಿಲ್ಲ. ಹೊಳೆ ಪಕ್ಕದ ಶಾಲೇಲಿ ಸಾಲು ನಿಂತಿದ್ಲು, ನೆರೆ ಬಂತು,” ಎಂದಿದ್ದರು ಎರ್ಮಿನಿಯಾ.

ಮುದುಕಿ ಮತ್ತೆ ಏರು ಹತ್ತತೊಡಗಿದಳು. ಐವತ್ತೆರಡು ನಿಮಿಷ ಹಿಡಿಯಿತು. ಎರ್ಮಿನಿಯಾ ಅದನ್ನು ಬರೆದುಕೊಂಡು, “ಇವಳನ್ನ ನಡೆಸಬಾರದು ಕಣೇ, ಕೂರಿಸಿಕೊಂಡು ಹೋಗಬೇಕು,” ಎಂದಿದ್ದರು. ಕಡಲುಕ್ಕುವಾಗ ಮತಗಟ್ಟೆಯನ್ನು ಗುಡ್ಡಕ್ಕೆ ಸಾಗಿಸುವ ಅವರ ಯೋಜನೆಯನ್ನು ರಾಜಧಾನಿಯವರು ಒಪ್ಪಿದರು. ಜನರನ್ನು ಹತ್ತಿಸುವ ಗಾಡಿಗೆ ಮಾತ್ರ ಯಾರೂ ಹಣ ಕೊಡಲಿಲ್ಲ.

*

ಗುಡ್ಡದ ಚರ್ಚಿನ ಪಕ್ಕ, ಗುಂಡಿಯ ಅಂಚಿನಲ್ಲಿ ಎರ್ಮಿನಿಯಾರ ಗಂಡ ಎವಾರಿಸ್ತೊ ನೆರೈದಾಳ ಕಿವಿಯಲ್ಲಿ ಹೇಳಿದ: “ನಿನ್ನೆ ಅವಳಿಗೆ ಉಸಿರಾಡೋಕೆ ಆಗ್ತಿರ್ಲಿಲ್ಲ. ಆದ್ರೂ ‘ನೆರೈದಾ ಲಾರಿಗೆ ಹೇಳಿದಾಳಾ?’ ಅಂತಾನೇ ಕೇಳಿದ್ಲು.”

ನೆರೈದಾ ಹೇಳಿರಲಿಲ್ಲ. ಮೂರು ದಿನದಿಂದ ಮೇಲಿನವರ ಆದೇಶಕ್ಕೆ ಕಾದು ಕೂತಿದ್ದಳು.

ಪಾದ್ರಿ ಎರಡು ಮಾತಾಡಲು ಕರೆದರು. ಅವಳು ಮುಂದೆ ಬಂದಳು.

“ಮೇಡಂ ಬಗ್ಗೆ ಇನ್ನೊಂದಿನ ಹೇಳ್ತೀನಿ. ಇವತ್ತು ಕಡಲು ಉಕ್ಕುತ್ತೆ. ಮತಗಟ್ಟೇನ ಈ ಚರ್ಚಿಗೆ ತರ್ತಿದೀನಿ. ನೀವು ಬಂದಿರೋ ಲಾರಿ, ಬಸ್ಸು ಎಲ್ಲಾ ಕೊಡಿ. ಕೆಳಗಿರೋರು ಕತ್ತಲಾಗೋಕೆ ಮುಂಚೆ ಮೇಲೆ ಬರಬೇಕು.”

“ಇದು ಸಾವಿನ ಮನೆ!” ಬ್ರೌಲಿಯೊ ಗುಡುಗಿದ.

“ನನ್ನ ಹೆಂಡತಿ ಸಾವು. ನನ್ನ ಪಿಕಪ್ಪು ಮೊದಲು,” ಎಂದ ಎವಾರಿಸ್ತೊ, ಕೈಯ ಮಣ್ಣು ಕೊಡವದೆಯೇ ಕೀಲಿ ಚಾಚುತ್ತ.

ಚಾಲಕರು ಒಬ್ಬೊಬ್ಬರಾಗಿ ಗಾಡಿಗಳತ್ತ ಹೊರಟರು. ಮೂರೂಮುಕ್ಕಾಲಿಗೆ ನೆರೈದಾ ಲಾರಿಯ ಬಾನೆಟ್ಟಿನ ಮೇಲೆ ಕಾಗದವಿಟ್ಟು ಸಹಿ ಹಾಕಿದಳು.

ಆರು ಗಂಟೆಗೆ ನೀರು ಶಾಲೆಯ ಮೆಟ್ಟಿಲು ಮುಟ್ಟಿತು. ಕೊನೆಯ ಲಾರಿ ಮಳೆಯಲ್ಲಿ ಮುಲುಗುತ್ತ ಏರು ಹತ್ತಿ ಚರ್ಚಿನ ಮುಂದೆ ನಿಂತಿತು. ಹಿಂಬದಿಯಲ್ಲಿ ಬೆಸ್ತರ ನಡುವೆ ಬ್ರೌಲಿಯೊನ ತಾಯಿ ಕೂತಿದ್ದಳು. ಎರಡೂ ಕಂಕುಳಲ್ಲಿ ಒಂದೊಂದು ಕೋಳಿ, ಹಲ್ಲಲ್ಲಿ ಕಚ್ಚಿದ ಗುರುತಿನ ಚೀಟಿ. ಇಳಿಸಲು ಕೈ ಚಾಚಿದವನು ಮಗ. ಅವಳು ಅವನ ಕೈಗೆ ಕೋಳಿಗಳನ್ನು ತುರುಕಿ, ಚೀಟಿಯನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ತಾನೇ ಇಳಿದಳು.