ಮುರಿದ ಮುದ್ದೆ

ಅವನು ಮುದ್ದೆಯನ್ನು ಅಗಿಯತೊಡಗಿದ್ದ. ಮಾಲಿನಿ ಸೌಟು ಹಿಡಿದವಳು ಹಾಗೇ ನಿಂತಳು.

"ಅಣ್ಣಾ, ಅಗೀಬೇಡಿ. ಸಾರಲ್ಲಿ ಅದ್ದಿ ನುಂಗಿ," ಎಂದು ಗಂಟಲು ಮುಟ್ಟಿ ತೋರಿಸಿದಳು. ಅವಳ ಹೊಸ ಗಾಡಿಯ ಮೊದಲ ಗಿರಾಕಿ ಅವನು. ಕಾರ್ಖಾನೆಯ ನೀಲಿ ಅಂಗಿ, ನರೆತ ಮೀಸೆ, ಒಡಿಶಾದ ಕಡೆಯವನು. ಅದೇ ಅಂಗಿಯ ಐದಾರು ಜನ ಊಟ ಕೇಳದೆ ಅವನ ಬಾಯಿಯನ್ನೇ ನೋಡುತ್ತಿದ್ದರು. ಅವನು ಹಲ್ಲಿಗೆ ಮೆತ್ತಿದ ಹಿಟ್ಟನ್ನು ನಾಲಿಗೆಯಿಂದ ಬಿಡಿಸಿಕೊಳ್ಳುತ್ತಿದ್ದ.

ಪಕ್ಕದ ಚಿತ್ರಾನ್ನದ ಗಾಡಿಯಿಂದ ಗೋವಿಂದಮ್ಮ ಕೂಗಿದಳು: "ನಾನೇನ್ ಹೇಳ್ದೆ? ಮುದ್ದೆ ತಿನ್ನೋರು ಮನೇಲೇ ತಿಂದ್ಬುಟ್ಟು ಬತ್ತಾರೆ. ಮಿಕ್ಕೋರು ಹಿಂಗೆ ಬಬಲ್‌ಗಮ್ ಮಾಡ್ಕೋತಾರೆ ಕಣಮ್ಮೋ!"

ಗಾಡಿ ಇಡುವ ಮೊದಲು ಎಂಟು ದಿನ ಮಾಲಿನಿ ಹೊಸೂರಿನ ಈ ಬೀದಿಯಲ್ಲಿ ಮಾರುವುದನ್ನೆಲ್ಲ ತಿಂದು ನೋಡಿದ್ದಳು. ಸೇಲಂನವರ ತಟ್ಟುವಡೆ, ಬಿಹಾರದವನ ಲಿಟ್ಟಿ, ಆಂಬೂರಿನವರ ಅರ್ಧ ಪ್ಲೇಟು ಬಿರಿಯಾನಿ. ಯಾರೂ ಮಾರದಿದ್ದುದು ಮುದ್ದೆ ಒಂದೇ. ಆಗ ಅದು ಜಾಣತನವೆನಿಸಿತ್ತು. ಗಂಡ ಯತಿರಾಜನ ಗುತ್ತಿಗೆ ಕೆಲಸ ಹೋಗಿ ತಿಂಗಳಾಗಿತ್ತು. "ಒಂದ್ವಾರ ನೋಡಾಣ. ಗಾಡಿ ನಡೀಲಿಲ್ಲ ಅಂದ್ರೆ ಚನ್ನಪಟ್ಟಣಕ್ಕೇ ಹೋಗ್ಬುಡಾಣ," ಎಂದಿದ್ದ. ಮಗಳು ಮೇಘಶ್ರೀಗೆ ಇಲ್ಲಿನ ಶಾಲೆಯಲ್ಲಿ ತಮಿಳು ಅಕ್ಷರ ಈಗಷ್ಟೇ ಕೈಹತ್ತಿತ್ತು. ಅವಳನ್ನು ಮತ್ತೆ ಶಾಲೆ ಬಿಡಿಸಿ ಕರೆದೊಯ್ಯಲು ಮಾಲಿನಿಗೆ ಮನಸ್ಸಿರಲಿಲ್ಲ.

ಗಿರಾಕಿ ಎದ್ದ. ತಟ್ಟೆಯನ್ನು ಎಂಜಲಿನ ಬಕೆಟ್ಟಿಗೆ ಒಯ್ಯುತ್ತಾನೆಂದುಕೊಂಡಳು. ಅವನು ಅವಳ ಮುಂದೆ ಬಂದು ಮಜ್ಜಿಗೆಯ ಪಾತ್ರೆಗೆ ಬೊಟ್ಟು ಮಾಡಿ, "ಅಕ್ಕಾ, ಮೋರ್," ಎಂದು ತಮಿಳಿನಲ್ಲಿ ಕೇಳಿದ. ಅವಳು ಒಂದು ಲೋಟ ಕೊಟ್ಟಳು. ಅವನು ಅದನ್ನು ತಟ್ಟೆಗೆ ಸುರಿದು, ಐದೂ ಬೆರಳು ಹಾಕಿ ಮುದ್ದೆಯನ್ನು ಮುರಿದು ಕಿವುಚತೊಡಗಿದ. ಗಂಟಾಗದಂತೆ ತೊಳಸಿ ತೊಳಸಿ ಅವಳ ರಟ್ಟೆ ಸೋಲಿಸಿದ್ದ ಮುದ್ದೆ ಅದು. ಅವಳು ಮುಖ ತಿರುಗಿಸಿದಳು.

ಸೊರ್ರೆಂದು ಕುಡಿಯುವ ಸದ್ದು ಕೇಳಿತು. ಅವನು ತಟ್ಟೆಯನ್ನೇ ಎತ್ತಿ ಕುಡಿದು, ಈರುಳ್ಳಿ ಕಚ್ಚಿ, ಹಿಂದಿದ್ದವರಿಗೆ "ಮಾಂಡಿಯಾ!" ಎಂದ. ಅವರಲ್ಲೊಬ್ಬ ನಕ್ಕ.

"ಏನಂತಾನೆ ಅಕ್ಕಾ?" ಮಾಲಿನಿ ಗೋವಿಂದಮ್ಮನತ್ತ ಬಾಗಿ ಕೇಳಿದಳು.

"ಅವರೂರಲ್ಲಿ ರಾಗಿಗೆ ಹಂಗಂತಾರೆ. ನಮ್ ವಠಾರದಲ್ಲೂ ಒಡಿಶಾದೋರು ಅವ್ರೆ, ಇದನ್ನೇ ಕುಡೀತಾರೆ. ಯಾಕೆ, ನಿಮ್ಮಜ್ಜಿ ಅಂಬ್ಲಿ ಕುಡೀತಿರ್ಲಿಲ್ವಾ?"

ತಟ್ಟೆಗಳು ಮುಂದೆ ಬಂದವು. ಮೂರು, ಆಮೇಲೆ ಇನ್ನೆರಡು. ಮಜ್ಜಿಗೆ ಅರ್ಧಕ್ಕಿಳಿಯಿತು. ಸಂಜೆಯ ಪಾಳಿಯವರು ಬರುವವರೆಗೆ ಸಾಲುತ್ತದೋ ಇಲ್ಲವೋ ಎಂದು ಅವಳು ಪಾತ್ರೆಯೊಳಗೆ ಮತ್ತೆ ಮತ್ತೆ ಇಣುಕಿದಳು.

"ಹೆಂಗೂ ಕಿವುಚ್ಬುಡ್ತಾರೆ. ಅಷ್ಟು ಚೆಂದಕ್ಕೆ ಯಾಕಮ್ಮಾ ಕಟ್ತೀಯ?" ಎಂದಳು ಗೋವಿಂದಮ್ಮ.

ಮಾಲಿನಿ ಮುಂದಿನ ಮುದ್ದೆ ಕಟ್ಟಿದಳು. ಕೈಯನ್ನು ನೀರಿಗದ್ದಿ, ಮುದ್ದೆಯ ನೆತ್ತಿಯ ಮೇಲೆ ಉಳಿದಿದ್ದ ಒಂದು ಸಣ್ಣ ಬಿರುಕನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿ ಮುಚ್ಚಿದಳು.