ಒಂಬತ್ತು ಹೆಲ್ಮೆಟ್ಟು

ಆ ದಿನ ಗ್ಯಾಸ್ ಕಂಪನಿಯ ಗೋಡೌನಿನಲ್ಲಿ ಇತ್ಯರ್ಥವಾಗಬೇಕಿದ್ದ ಪ್ರಶ್ನೆ ಸಾಮಾನ್ಯವಾದದ್ದಲ್ಲ. ತಲೆ ಹದಿನೇಳು, ಹೆಲ್ಮೆಟ್ಟು ಒಂಬತ್ತು. ತರಬೇತಿಯ ಫೋಟೊದಲ್ಲಿ ಯಾವ್ಯಾವ ತಲೆಗೆ ಆ ಭಾಗ್ಯ? ಸೇಫ್ಟಿ ಸಾಹೇಬರು, ಮೇಸ್ತ್ರಿ, ಫೋಟೊದವನು ಮೂವರೂ ಅರ್ಧ ಗಂಟೆ ಚರ್ಚಿಸಿ, ಮುಂದಿನ ಸಾಲಿಗೆ ಹೆಲ್ಮೆಟ್ಟು, ಹಿಂದಿನ ಸಾಲಿನವರು ಮುಂದಿನವರ ಬೆನ್ನಿನ ಮರೆಗೆ ಬಗ್ಗತಕ್ಕದ್ದು ಎಂದು ತೀರ್ಮಾನಿಸಿದರು.

"ಕೆಲಸದಲ್ಲಂತೂ ಬಗ್ಗಲ್ಲ, ಇಲ್ಲಾದ್ರೂ ಬಗ್ರೋ ಬೋಳಿಮಕ್ಳಾ" ಎಂದ ಮೇಸ್ತ್ರಿ.

"ಬಗ್ಗಿ ಬಗ್ಗಿನೇ ಅಲ್ವಾ ಮೇಸ್ತ್ರಿ, ನಮ್ಗೆ ಕುತ್ತಿಗೆನೇ ಇಲ್ದಂಗಾಗಿರೋದು" ಎಂದ ಹಾರೆ ತಾತ. ಎಲ್ಲರೂ ನಕ್ಕರು.

ಗುಂಪಿನಲ್ಲಿದ್ದ ಒಬ್ಬಳೇ ಹೆಂಗಸು, ಆಕೆ ನಗಲಿಲ್ಲ. ಐದು ತಿಂಗಳ ಹಿಂದೆ ಆಕೆ ಬಾಂಡ್ಲಿಯಲ್ಲಿ ಮಣ್ಣು ಹೊರುತ್ತಿದ್ದವಳು. ಈಗ ಸತ್ತ ಗಂಡನ ಮಿಷನ್ನು ಆಕೆಯ ಕೈಗೆ ಬಂದಿತ್ತು. ನೆಲದಡಿಯ ಪ್ಲಾಸ್ಟಿಕ್ ಗ್ಯಾಸ್ ಪೈಪಿನ ಜೊತೆ ಒಂದು ತಾಮ್ರದ ತಂತಿ ಹೂತಿರುತ್ತಾರೆ. ಮೇಲೆ ಹಿಡಿದರೆ ಮಿಷನ್ನು ಕುಯ್ ಎನ್ನುತ್ತದೆ. ಕುಯ್ ಎಂದ ಕಡೆ ಹಳದಿ ಗೆರೆ. ಗೆರೆಯ ಆಸುಪಾಸು ಹಾರೆ ಮುಟ್ಟುವಂತಿಲ್ಲ.

ಮೊದಲು ಪಾಠ, ಆಮೇಲೆ ಫೋಟೊ. ಸಾಹೇಬರು ಗೋಡೆಯ ಮೇಲೆ ಚಿತ್ರ ಬಿಟ್ಟರು. ಸುಟ್ಟು ಕರಕಲಾದ ಗುಂಡಿ. ಅಂಚಿನಲ್ಲಿ ಒಂದೇ ಒಂದು ಚಪ್ಪಲಿ. ಕಿತ್ತ ಬಾರಿಗೆ ಸುತ್ತಿದ ತಂತಿಯ ಗಂಟು ಆಕೆಯೇ ಗಂಡನಿಗೆ ಹಾಕಿಕೊಟ್ಟದ್ದು.

"ಇದು ಕಾರ್ಮಿಕನ ನಿರ್ಲಕ್ಷ್ಯ" ಎಂದರು ಸಾಹೇಬರು ಕೋಲಿನಿಂದ ತೋರಿಸಿ. "ಟ್ರೈನಿಂಗ್ ಆಗಿರ್ಲಿಲ್ವಾ? ಆಗಿತ್ತು. ನೋಡಿ, ಸಾಕ್ಷಿ."

ಹೋದ ವರ್ಷದ ಫೋಟೊ. ಮುಂದಿನ ಸಾಲಿನಲ್ಲಿ, ಹೆಲ್ಮೆಟ್ಟಿನಡಿಯಲ್ಲಿ, ಗಂಡ ಹಲ್ಲೆಲ್ಲ ಬಿಟ್ಟು ನಗುತ್ತಿದ್ದ. ಮುಖದ ಸುತ್ತ ಕೆಂಪು ಸುತ್ತು. ಅವನದೆಂದು ಮನೆಯಲ್ಲಿ ಇದ್ದದ್ದೂ ಅದೊಂದೇ ಫೋಟೊ, ಆಫೀಸಿಗೆ ನಾಲ್ಕು ಸಲ ಅಲೆದು ತಂದದ್ದು. ಮಗಳು ದಿನಾ ಅದಕ್ಕೆ "ಹೋಗ್ಬರ್ತೀನಪ್ಪಾ" ಎಂದು ಹೇಳಿಯೇ ಸ್ಕೂಲಿಗೆ ಹೊರಡುತ್ತಿದ್ದಳು.

ಅಂದು ಫೋಟೊ ಮುಗಿದದ್ದೇ ತಡ ಹೆಲ್ಮೆಟ್ಟುಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು ಹೋಗಿದ್ದರು. "ಎರಡು ನಿಮಿಷ ರಾಜ ಆಗಿದ್ದೆ ಕಣೇ" ಎಂದು ಮನೆಗೆ ಬಂದು ಅವನೇ ನಕ್ಕಿದ್ದ. "ಆಮೇಲೆ ಕಿರೀಟ ಕಿತ್ಕೊಂಡ್ರು." ತರಬೇತಿ ಎಂದರೆ ಅಷ್ಟೇ ಆಗಿತ್ತು.

ಆಕೆ ಎದ್ದಳು. "ಸಾರ್, ಮಿಷನ್ನು ಕೂಗ್ಲೇ ಇಲ್ಲ. ಆ ಜಾಗದಲ್ಲಿ ತಂತಿನೇ ಹಾಕಿರ್ಲಿಲ್ಲ. ಹುಲ್ಲೆಲ್ಲ ಒಣಗಿದೆ, ಗ್ಯಾಸ್ ವಾಸನೆ ಬರ್ತಿದೆ, ಅಗಿಯೋದು ಬೇಡ ಅಂದ ನನ್ ಗಂಡ. ನಿಮ್ಮಪ್ಪನ ಹುಲ್ಲೇನೋ, ಅಗಿಯೋ ಸೂಳೇಮಗನೆ ಅಂದ್ರು ಮೇಸ್ತ್ರಿ. ಪಕ್ಕದಲ್ಲೇ ಇದ್ದೆ ನಾನು. ಬಾಂಡ್ಲಿ ಸುರಿದು ಬರೋಣ ಅಂತ ಆ ಕಡೆ ಹೋದೆ, ಅಷ್ಟ್ರಲ್ಲಿ..."

ಸಾಹೇಬರು ಮೇಸ್ತ್ರಿಯನ್ನು ನೋಡಿದರು. ಮೇಸ್ತ್ರಿ ಸೂರಿನ ತಗಡನ್ನು ನೋಡಿದ.

"ಅದೆಲ್ಲ ಬಿಡಮ್ಮ. ಫೋಟೊದಲ್ಲಿರೋದು ಅವನೇನಾ, ಅಲ್ವಾ?"

"ಅವನೇ."

"ಮುಗೀತಲ್ಲ. ಕೂತ್ಕೋ."

ಫೋಟೊಗೆ ಆಕೆಯನ್ನು ಮುಂದಿನ ಸಾಲಿನ ನಟ್ಟನಡುವೆ ಕೂರಿಸಿದರು. "ಹೆಂಗಸೊಬ್ಳಿದ್ರೆ ರಿಪೋರ್ಟಿಗೆ ಒಂದು ಕಳೆ" ಎಂದರು ಸಾಹೇಬರು. ಕೈಗೆ ಬಂದ ಹೆಲ್ಮೆಟ್ಟಿನ ಒಳಪಟ್ಟಿಯಲ್ಲಿ ಯಾರದೋ ಹಳೆಯ ಬೆವರಿನ ವಾಸನೆ. ಅವನದೇನೋ ಎಂದು ಆಕೆ ಒಮ್ಮೆ ಮೂಸಿದಳು. ಅಲ್ಲ.

ಹಾಕಿಕೊಂಡಳು. ಅದು ಹುಬ್ಬಿನವರೆಗೆ ಇಳಿಯಿತು.

"ನಗಿ ಎಲ್ರೂ! ಒಂದು, ಎರಡು..."

ಮೂರಕ್ಕೆ ಸರಿಯಾಗಿ ಹೆಲ್ಮೆಟ್ಟನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಇನ್ನೊಂದು ಸಲ ಎಣಿಸಿದರು, ಮತ್ತೆ ತೆಗೆದಳು. ಮೂರನೆಯ ಸಲಕ್ಕೆ ಮೇಸ್ತ್ರಿಯ ತಾಳ್ಮೆ ಮುಗಿಯಿತು.

"ಏ ಮುಂಡೆ, ತಲೆಗೇನು ಮುಳ್ಳು ಚುಚ್ಚುತ್ತಾ? ಫೋಟೊ ಇಲ್ದಿದ್ರೆ ನಾಳೆಯಿಂದ ಕೆಲ್ಸನೂ ಇಲ್ಲ, ತಿಳ್ಕೋ."

"ನನ್ ಮಗ್ಳು ಒಂದು ಫೋಟೊಗೆ ಹೇಳಿ ಹೋಗ್ತಾಳೆ ಮೇಸ್ತ್ರಿ. ಎರಡಕ್ಕೆ ಹೇಳೋದು ಬೇಡ."

ಹೆಲ್ಮೆಟ್ಟನ್ನು ಸಾಹೇಬರ ಮೇಜಿನ ಮೇಲೆ ಬೋರಲಿಟ್ಟು, ಮಿಷನ್ನನ್ನು ಅದರ ಪಕ್ಕಕ್ಕೆ ಒರಗಿಸಿ, ಬಾಗಿಲಿನತ್ತ ನಡೆದಳು. ಹಾರೆ ತಾತನ ಕೈ ತನ್ನ ಹೆಲ್ಮೆಟ್ಟಿನವರೆಗೆ ಹೋಯಿತು. ಅಲ್ಲೇ ನಿಂತಿತು.

ಮಾರನೆಯ ದಿನ ಹದಿನಾರು ಜನರ ಫೋಟೊ ತೆಗೆದರು.